ಮೂಗಿಲ್ಲದ ಮುದುಕ

ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಸುಧಾಮಣಿ ಚಪ್ಪಲಿ ಬಿಟ್ಟು, ಊದಿದ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿದ್ದ ಹುಡುಗರಿಬ್ಬರೂ ಕೆಲಸ ಮುಗಿಸಿ ಅವಳಷ್ಟೇ ದಣಿದಿದ್ದರು. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಆ ದೋಣಿ ಗೇಮ್ ಮುಗುಸ್ದಾ, ಮಾದೇಶ?”

“ಇಲ್ಲ ಕಣ್ಲಾ ಶಿವರಾಮು. ದೋಣಿ ಹತ್ಬುಟ್ರೆ ಆ ಮುದುಕ ದಡದಲ್ಲಿ ಒಬ್ನೇ ಉಳ್ಕತಾನೆ. ಬಟನ್ ಒತ್ತಕೆ ಮನ್ಸು ಬರ್ನಿಲ್ಲ.”

“ನಿನ್ ಹಳೇ ಲ್ಯಾಪ್‌ಟಾಪಲ್ಲಿ ಅವ್ನಿಗೆ ಕಣ್ಣು ಮೂಗೇ ಕಾಣಕಿಲ್ಲ! ನನ್ದರಲ್ಲಿ ನೋಡು, ಗಡ್ಡದ ಒಂದೊಂದ್ ಕೂದ್ಲೂ ಅಲ್ಲಾಡ್ತದೆ.”

“ಕೊನೇಲಿ ಅವ್ನು ಏನಂದ?”

“ಯಾರ್ಗೊತ್ತು. ಮಾತೆಲ್ಲ ಸ್ಕಿಪ್ ಮಾಡ್ಬುಟ್ಟೆ.”

ಮಾದೇಶ ಬಸ್ಸು ಬರುವ ದಾರಿಯತ್ತ ನೋಡಿದ.

“ಗ್ವಾಡೆ ಮ್ಯಾಲೆ ನಮ್ಮಪ್ಪನ್ ಫೋಟೋ ನೋಡಿದ್ದೀಯಲ್ಲ? ವೋಟರ್ ಕಾರ್ಡಿಂದ ದೊಡ್ದು ಮಾಡ್ಸಿದ್ದು. ಮುಖವೇ ಇಲ್ಲ, ಬರೀ ಮಸುಕು.”

“ಹೂಂ.”

“ಅವ್ವ ದಿನಾ ಅದ್ರ ತಾವ ನಿಂತು, ಓಗ್ಬತ್ತೀನಿ ಅಂದ್ಬುಟ್ಟೇ ಕೂಲಿಗೆ ಓಗದು.”

ಗುಂಡ್ಲುಪೇಟೆ ಬಸ್ಸು ಬಂತು. ಶಿವರಾಮು ಬ್ಯಾಗು ಹೆಗಲಿಗೇರಿಸಿದ.

“ಬಾ, ಓಗನ. ಆ ಮುದುಕನ್ನ ಎಷ್ಟ್ ದಿನ ಅಂತ ನಿಲ್ಲುಸ್ಕಂಡಿರ್ತೀಯ?”

“ನಿಂತಿರ್ಲಿ ಬುಡ್ಲಾ,” ಎಂದ ಮಾದೇಶ, ಬಸ್ಸು ಹತ್ತುತ್ತ. “ಒಬ್ರನ್ನ ಕಳ್ಸಿದ್ದೇ ಸಾಕು.”