ಬೇರೆ ಇಟ್ಟ ತಾಟು

ಈ ಮಠದಲ್ಲಿ ಕೂತು ನಿಮಗೆ ಶ್ರೀಮಂತರ ಕಥೆ ಎಷ್ಟೋ ಸಲ ಹೇಳಿದ್ದೇನೆ. ಇವತ್ತು ಕಬ್ಬು ಕಡಿಯುವವನ ಕಥೆ ಕೇಳಿ.

ಉತ್ತರದ ಗಡಿಯ ಗುಡ್ಡದ ಮೇಲೆ ಒಂದು ಲಂಬಾಣಿ ತಾಂಡಾ ಇತ್ತು. ಬಸ್ಸು ಹತ್ತಬೇಕಾದರೆ ಎರಡು ಹರದಾರಿ ನಡೆಯಬೇಕು. ದೀಪಾವಳಿ ಮುಗಿದರೆ ಅಲ್ಲಿಯ ಗಂಡಸರು ಕಬ್ಬಿನ ಕಟಾವಿಗೆ ಹೋಗುತ್ತಿದ್ದರು, ಹೋಳಿ ಹುಣ್ಣಿಮೆಗೆ ಮರಳುತ್ತಿದ್ದರು. ಬಂದ ದಿನ ಮನೆಮಂದಿಯೆಲ್ಲ ಒಂದೇ ದೊಡ್ಡ ತಾಟಿನಲ್ಲಿ ರೊಟ್ಟಿ ಮುರಿದು ಉಣ್ಣುವುದು ಅವರ ಪದ್ಧತಿ.

ಆ ವರ್ಷ ಥಾವರು ಎಂಬವನು ತಾಟಿಗೆ ಕೈ ಹಾಕಲಿಲ್ಲ. ಅಷ್ಟು ತಿಂಗಳ ಒಂಟಿತನದಲ್ಲಿ ಎಲ್ಲೋ ಕಾಲು ಜಾರಿದ್ದ. ಅಲ್ಲೇ ಜ್ವರ ಬಂದು, ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಎಂದು ತಿಳಿದಿತ್ತು. ನೋಡಿ, ಕೆಟ್ಟವನಲ್ಲ ಅವನು. ತಾಟು ಬೇರೆ ಮಾಡಿಕೊಂಡ, ಲೋಟ ಬೇರೆ ಮಾಡಿಕೊಂಡ, ತಾನೇ ತೊಳೆದುಕೊಂಡ. ಆದರೆ ಹಾಸಿಗೆ ಬೇರೆ ಮಾಡಲಿಲ್ಲ. ಹೆಂಡತಿಗೆ ಹೇಳಲೂ ಇಲ್ಲ. ಎಂಥ ಜೋಪಾನ! ತಾಟಿನಿಂದ ಬಾರದ ರೋಗಕ್ಕೆ ತಾಟು ತೊಳೆದ.

ಮೂರು ತಿಂಗಳಾಯಿತು. ಹೆಂಡತಿ ಲಾಲಿಬಾಯಿ ಬಸಿರಾದಳು. ಒಂದು ಮಧ್ಯಾಹ್ನ ಅವನ ತಾಟು ಕಸಿದುಕೊಂಡು ಕೇಳಿದಳು: "ನನ್ನ ಕೈಯಾಗಿನ ರೊಟ್ಟಿ ನಿಮಗ ಹೇಸಿಗಿ ಆತೇನ್ರಿ?"

ಅವನು ಗೊಳೋ ಎಂದು ಅತ್ತ. "ಹೇಸಿಗಿ ನಿಂದಲ್ಲ, ನಂದು. ನನ್ನ ರಕ್ತದಾಗ ರೋಗ ಐತಿ."

ಅವಳಿಗೆ ಸಿಟ್ಟು ಬರಲಿಲ್ಲವೇ? ಬಂತು. "ತಾಟ ತೊಳ್ಯಾಕ ನೆನಪಾತು, ನನಗ ಹೇಳಾಕ ನೆನಪಾಗಲಿಲ್ಲೇನು?" ಎಂದಳು. ಆಮೇಲೆ ಎದ್ದು ಆ ದೊಡ್ಡ ತಾಟು ತಂದಳು. ರೊಟ್ಟಿ ಮುರಿದು ಅವನ ಮುಂದಿಟ್ಟಳು. "ಮೊದಲ ಉಣ್ರಿ. ನಾಳಿ ಇಬ್ಬರೂ ದವಾಖಾನಿಗಿ ಹೋಗೂಣು. ಹೊಟ್ಟ್ಯಾಗಿನ ಕೂಸು ಉಳೀಬೇಕು."

ದವಾಖಾನೆಯ ಪರೀಕ್ಷೆಯಲ್ಲಿ ಅವಳಿಗೂ ತಗಲಿದ್ದು ಗೊತ್ತಾಯಿತು. ನರ್ಸಮ್ಮ ಗುಳಿಗೆ ಕೊಟ್ಟು, "ಒಂದು ದಿನಾನೂ ತಪ್ಪಿಸಬ್ಯಾಡವ್ವಾ, ಕೂಸಿನ್ನ ಕಾಪಾಡಾಕ ಇನ್ನೂ ಹೊತ್ತೈತಿ" ಎಂದಳು. ಅವಳು ತಪ್ಪಿಸಲಿಲ್ಲ. ದಿನಾ ಗಂಡ ನೀರಿನ ಲೋಟ ಹಿಡಿದು ನಿಂತ. ಮಗು ಹುಟ್ಟಿ ಒಂದೂವರೆ ವರ್ಷಕ್ಕೆ ಕಡೆಯ ಪರೀಕ್ಷೆ ಆಯಿತು. ಕೂಸಿಗೆ ರೋಗವಿಲ್ಲ!

ಸಂತೋಷ. ಆದರೆ ಲಾಲಿಬಾಯಿಗೆ ಯಾಕೆ ತಗಲಬೇಕಿತ್ತು? ಹೋಳಿಯ ದಿನವೇ ಅವನು ಬಾಯಿ ಬಿಟ್ಟಿದ್ದರೆ? ತಪ್ಪು ಅವನದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅವನ ಬಾಯಿ ಕಟ್ಟಿದವರು ಯಾರು? ಇಂಥವರನ್ನು ಕಂಡರೆ ಕಟ್ಟೆಯಿಂದ ಎಬ್ಬಿಸುವ ನಾವೇ ಅಲ್ಲವೇ?

ತಲೆ ತಗ್ಗಿಸಬೇಡಿ. ಮಠದಲ್ಲಿ ಇಂಥ ಮಾತೇ ಎನ್ನಲೂ ಬೇಡಿ. ದುಡಿಯಲು ಹೊರಗೆ ಹೋಗಿ ಬಂದವರು ಗಂಡ ಹೆಂಡತಿ ಜೋಡಿಯಾಗಿ ರಕ್ತ ಪರೀಕ್ಷೆ ಮಾಡಿಸಿ, ರೋಗವಿಲ್ಲ ಎಂದು ಡಾಕ್ಟರು ಖಚಿತವಾಗಿ ಹೇಳುವವರೆಗೆ ನಿರೋಧ್ ಬಳಸಿ. ಗುಳಿಗೆ ಶುರುವಾದರೆ ಬಿಡಬೇಡಿ. ಇನ್ನು ತಾಯಂದಿರೇ, ನಿಮ್ಮ ಮನೆಯ ಮೂಲೆಯಲ್ಲಿ ಯಾರದೋ ತಾಟು ಬೇರೆ ಇದೆಯೇ? ಇವತ್ತು ಮನೆಗೆ ಹೋದವರೇ ಅದನ್ನು ಉಳಿದ ತಾಟುಗಳ ಜೊತೆ ಇಡಿ. ಅದರ ಒಡೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ.