ಗಾಡಿ ನಿಂತ ಜಾಗ

ಏಳಬ್ಯಾಡ, ಏಳಬ್ಯಾಡ ಗಂಗಾ… ಮಲಕ್ಕೊಂಡೇ ಇರು. ನಾನೇ ಇಲ್ಲಿ ಮಂಚದ ತುದೀಲಿ ಕೂತ್ಕೋತೀನಿ. ನಿನ್ನ ಚಿಕ್ಕಮ್ಮ ಡೈರಿಗೆ ಹಾಲು ಹಾಕೋಕೆ ಹೋದಳು. ಹೋಗ್ತಾ ಹೇಳಿದಳು, ಮಧ್ಯಾಹ್ನದ ತಟ್ಟೆ ಹಂಗೇ ಐತಂತೆ. ಇರ್ಲಿ, ಅದಕ್ಕೆ ಬೈಯೋಕೆ ಬಂದಿಲ್ಲ ನಾನು. ಸಾಗರದಲ್ಲಿ ರೈಲಿಳಿದೆ, ಸೊರಬಕ್ಕೆ ಬಸ್ಸು ಹಿಡಿದೆ, ಅಲ್ಲಿಂದ ನೆಟ್ಟಗೆ ಈ ಕುಪ್ಪಗಡ್ಡೆಗೆ. ಶಿಕಾರಿಪುರದ ಮನೆಗೂ ಹೋಗಿಲ್ಲ ಇನ್ನೂ. ನಿಮ್ಮವ್ವ ಜಗದಾಂಬ ಕಾದೂ ಕಾದೂ ಸಿಟ್ಟಾಗಿರ್ತಾಳೆ.

ಯಾಕೆ ಹಂಗೆ ನೋಡ್ತೀಯ? ಹೌದು ತಾಯಿ, ರೈಲಲ್ಲೇ. ನಿಮ್ಮಪ್ಪನೇ, ಒಬ್ಬನೇ. ನಗು ಬಂದ್ರೆ ನಗು… ಬರಲ್ಲ. ಹೋಗ್ಲಿ ಬಿಡು.

ಮೈಸೂರಿಗೆ ಹೋಗಿದ್ದೆ. ಅಂಗಡಿಗೆ ಒಂದಿಷ್ಟು ಹೊಸ ಥರದ ಪಾತ್ರೆ ನೋಡ್ಕೊಂಡು ಬರೋಣ ಅಂತ. ಅದೇನು, ಈಗೆಲ್ಲ ತಳ ದಪ್ಪ ಇರೋ ಸ್ಟೀಲೇ ಬೇಕು ಅಂತಾರೆ ಗಿರಾಕಿಗಳು. ನೀನೊಬ್ಬಳು ಇಲ್ಲಿ ಮಲಗಿರೋವಾಗ ಇವನಿಗೆ ಪಾತ್ರೆ ಚಿಂತೆ ಅಂತ ನಿಂಗೆ ಅನ್ನಿಸಿರಬೇಕು. ಅನ್ನಿಸ್ಲಿ. ಮನೇಲಿ ಕೂತು ಏನು ಮಾಡ್ಲಿ ಹೇಳು. ಅಂಗಡೀಲಿ ಕೂತ್ರೆ ಬಂದವರೆಲ್ಲ ನಿನ್ನನ್ನೇ ಕೇಳ್ತಾರೆ. ಅದಕ್ಕೇ ತಾನೇ ನಿನ್ನ ಈ ಚಿಕ್ಕಮ್ಮನ ಮನೆಗೆ ಕರ್ಕೊಂಡು ಬಂದು ಬಿಟ್ಟಿದ್ದು.

ಟಿಕೆಟ್ ನಾನೇ ಮಾಡ್ಕೊಂಡೆ ಗೊತ್ತಾ? ಯಾರನ್ನೂ ಕೇಳ್ಲಿಲ್ಲ. ನೀನು ಹಿಂದೆ ಹೇಳಿಕೊಟ್ಟಿದ್ದೆಯಲ್ಲ, ಹೆಸರು ಹಾಕು, ವಯಸ್ಸು ಹಾಕು, ಊರು ಹಾಕು ಅಂತ. ಶಿವಮೊಗ್ಗ ಸ್ಟೇಷನ್ನಲ್ಲಿ ಒಂದು ಕ್ಷಣ ಗಾಬರಿ ಆಯ್ತು, ಎಲ್ಲಿ ನಿಂತ್ಕೋಬೇಕು, ಯಾವ ಕಡೆ ಓಡಬೇಕು ಅಂತ. ನೋಡಿದ್ರೆ ಫೋನಲ್ಲೇ ತೋರಿಸ್ತದೆ, ನಿನ್ನ ಬೋಗಿ ಇಂಜಿನ್ನಿಂದ ಎಷ್ಟನೇದು ಅಂತ. ಅಲ್ಲೇ ಹೋಗಿ ನಿಂತೆ. ಗಾಡಿ ಬಂದು ನಿಂತ್ರೆ ಬಾಗಿಲು ನನ್ನ ಮುಂದೇನೇ. ಕಕ್ಕಸು ಗಲೀಜಾಗಿತ್ತು. ಪಕ್ಕದವರು ಹೇಳಿದ್ರು, ಫೋನಲ್ಲಿ ಬರೀರಿ ಯಜಮಾನ್ರೇ ಅಂತ. ಬರೆದೆ. ಮುಂದಿನ ದೊಡ್ಡ ಸ್ಟೇಷನ್ನಲ್ಲಿ ಒಬ್ಬ ಪೈಪು ಹಿಡ್ಕೊಂಡು ಹತ್ತಿದ, ತೊಳೆದು ಇಳಿದ. ಊಟಾನೂ ಹಂಗೇ. ಅರಸೀಕೆರೆ ಬರೋ ಹೊತ್ತಿಗೆ ನನ್ನ ಸೀಟ್ ಹುಡುಕ್ಕೊಂಡು ಬಂದು, "ಬೆನಕಪ್ಪ ಅಂದ್ರೆ ನೀವೇನಾ?" ಅಂತ ಕೇಳಿ ಕೊಟ್ಟ. ಬಿಸಿ ಅನ್ನ, ಸಾರು. ಕಣ್ಣಲ್ಲಿ ನೀರು ಬಂತು ನೋಡು ನಂಗೆ. ಯಾಕಂದ್ರೆ… ಇಷ್ಟೆಲ್ಲ ಅನುಕೂಲ ಮಾಡವ್ರಲ್ಲ, ಮುಂದೆ ಇಂಜಿನ್ನಲ್ಲಿ ಕೂತಿರೋ ನಿಂಗೆ ಯಾವನೂ ಬಿಸಿ ಅನ್ನ ತಂದುಕೊಡಲ್ಲ. ನೀನು ಒಂದ್ಸಲ ಹೇಳಿದ್ದೆ, ಡ್ಯೂಟೀಲಿ ನೀರು ಕುಡಿಯೋಕೂ ಯೋಚನೆ ಮಾಡ್ತೀನಿ ಅಪ್ಪಾಜಿ ಅಂತ. ಇಂಜಿನ್ನಲ್ಲಿ ಕಕ್ಕಸು ಇಲ್ಲ ಅಂತ.

ನಮ್ಮೂರಿಗೆ ರೈಲೇ ಇಲ್ಲ. ಅಂಥಾ ಊರಿನ ಪಾತ್ರೆ ಬೆನಕಪ್ಪನ ಮಗಳು ರೈಲು ಓಡಿಸ್ತಾಳೆ ಅಂದ್ರೆ ಜನ ನಂಬ್ತಿರ್ಲಿಲ್ಲ. ಓಡಿಸೋದಲ್ಲ, ಅಸಿಸ್ಟೆಂಟು, ಪಕ್ಕದಲ್ಲಿ ಹಿರೇ ಡ್ರೈವರ್ ಇರ್ತಾರೆ ಅಂತ ನೀನು ತಿದ್ದುತ್ತಿದ್ದೆ. ನಾನು ತಿದ್ದುತ್ತಿರ್ಲಿಲ್ಲ. ಗಲ್ಲಾ ಮೇಲೆ ಫೋನ್ ಇಟ್ಕೊಂಡು ನಿನ್ನ ಗಾಡಿ ನೋಡ್ತಿದ್ದೆ. ಚುಕ್ಕೆ ಓಡ್ತದಲ್ಲ ಅದರಲ್ಲಿ, ಒಂದೊಂದೇ ಸ್ಟೇಷನ್ ದಾಟ್ಕೊಂಡು… ಗಿರಾಕಿಗಳಿಗೂ ತೋರಿಸ್ತಿದ್ದೆ. ಈಗ ಹಾಸನ ದಾಟಿದಳು ನೋಡಿ, ಈಗ ಅರಸೀಕೆರೆಗೆ ಬಂದಳು ನೋಡಿ ಅಂತ. ನಿಮ್ಮವ್ವ ರೇಗಿಸೋಳು, ಅಂಗಡೀಲಿ ಪಾತ್ರೆ ಮಾರ್ತೀರೋ ರೈಲು ಮಾರ್ತೀರೋ ಅಂತ.

ಅವತ್ತೂ ನೋಡ್ತಿದ್ದೆ ಗಂಗಾ.

ನಿಂಗೆ ಹೇಳಿರ್ಲಿಲ್ಲ ಇದನ್ನ. ಕಣ್ಣು ಮುಚ್ಕೋಬ್ಯಾಡ, ಕೇಳು. ಅವತ್ತು ಚುಕ್ಕೆ ನಿಂತುಬಿಡ್ತು. ಸ್ಟೇಷನ್ನಲ್ಲಿ ಅಲ್ಲ, ನಡುವೆ. ಸಿಗ್ನಲ್ ಸಿಕ್ಕಿಲ್ವೇನೋ ಅಂದ್ಕೊಂಡೆ. ಅಷ್ಟೊತ್ತಿಗೆ ಫೋನಲ್ಲಿ ಬಂತು, ಗಾಡಿ ತಡವಾಗಿ ಬರ್ತದೆ, ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸ್ತೀವಿ ಅಂತ. ಮುಂದಿನ ಎಲ್ಲಾ ಸ್ಟೇಷನ್ನಿನ ಟೈಮೂ ತಾನೇ ತಿದ್ದಿಕೊಳ್ತು. ಎಷ್ಟು ಚಂದ ಮಾಡವ್ರೆ, ಕಾಯೋರು ಮನೇಲೇ ಕಾಯಬೌದು ಅಂದ್ಕೊಂಡೆ ನಾನು. ಯಾಕೆ ತಡ ಅಂತ ಬರೆದಿರ್ಲಿಲ್ಲ. ಬರೆಯೋದಾದ್ರೂ ಹೆಂಗೆ.

ಆಮೇಲೆ ಚುಕ್ಕೆ ಅಲುಗಾಡ್ತು, ಮುಂದಕ್ಕೆ ಹೋಯ್ತು. ಸಮಾಧಾನ ಆಯ್ತು ನಂಗೆ. ನಿಮ್ಮವ್ವನ್ನ ಕೂಗಿ ಹೇಳಿದೆ, ಹೊರಟಳು ಕಣೇ ಅಂತ. ಹೇಳಿ ಚಾ ತರಿಸಿ ಕುಡಿದೆ. ನೀನು ಆ ಹೊತ್ತಲ್ಲಿ ಕೆಳಗಿಳಿದು, ಗಾಡಿ ಅಡಿ ಬಗ್ಗಿ ನೋಡಿ, ಮತ್ತೆ ಹತ್ತಿ ಕೂತಿದ್ದೆ… ಮುಂದಿನ ದೊಡ್ಡ ಸ್ಟೇಷನ್ ತನಕ ಹಂಗೇ ಕೂತು ಬಂದಿದ್ದೆ. ನಾನು ಚಾ ಕುಡೀತಿದ್ದೆ.

ಕೈ ಹಿಡ್ಕೊಂಡ್ಯಾ? ಹಿಡ್ಕೊ. ತಣ್ಣಗೆ ಐತೆ ನಿನ್ನ ಕೈ.

ಸರಿ, ಅದು ಬ್ಯಾಡ ಈಗ. ಪ್ರಯಾಣದ ಮಾತು ಹೇಳ್ತಿದ್ದೆ. ನಂಗೆ ನಿದ್ದೆ ಹತ್ತೋ ಭಯ ಇತ್ತು ನೋಡು. ಪಕ್ಕದವರೇ ಹೇಳಿದ್ರು, ಇಳಿಯೋ ಸ್ಟೇಷನ್ ಹತ್ರ ಬಂದಾಗ ಫೋನೇ ಕೂಗಿ ಎಬ್ಬಿಸ್ತದೆ, ಇಟ್ಕೊಳ್ಳಿ ಅಂತ. ಇಟ್ಕೊಂಡೆ. ಹಾಸನ ದಾಟಿ ಸ್ವಲ್ಪ ಹೊತ್ತಿಗೆ ಕೂಗ್ತು, ಬ್ಯಾಗ್ ತಗೊಂಡು ಬಾಗಿಲಿಗೆ…

ಏನು?

ಯಾಕೆ ಎದ್ದು ಕೂತೆ?

ಹಾಸನ ಅಂದೆನಾ… ಹೌದು, ಅಂದೆ. ನಿಂಗೆ ಸುಳ್ಳು ಹೇಳೋದು ಕಷ್ಟ. ಎಲ್ಲಾ ಸ್ಟೇಷನ್ನೂ ಬಾಯಿಪಾಠ ನಿಂಗೆ. ಮೈಸೂರು ಆ ಗಾಡಿಗೆ ಕಡೇ ಸ್ಟೇಷನ್, ಅಲ್ಲಿಳಿಯೋನಿಗೆ ಎಬ್ಬಿಸೋ ಫೋನ್ ಯಾಕೆ ಬೇಕು. ಹಂಗೆ ನೋಡಬ್ಯಾಡ ತಾಯಿ. ಹೇಳ್ತೀನಿ.

ಮೈಸೂರಿಗೆ ಹೋಗ್ಲಿಲ್ಲ ನಾನು. ಸಿದ್ದನಕೊಪ್ಪಲಲ್ಲಿ ಇಳಿದೆ.

ಉಸಿರಾಡು. ನಿಧಾನ… ನೀರು ಕೊಡ್ಲಾ? ಬ್ಯಾಡ್ವಾ. ಸರಿ.

ನೀನು ಬಂದಾಗಿಂದ ಒಂದೇ ಒಂದು ಮಾತಾಡಿದೀಯ ಗಂಗಾ. ನೆನಪೈತಾ? ನಿಮ್ಮವ್ವ ತಲೆಗೆ ಎಣ್ಣೆ ಹಚ್ತಿದ್ದಾಗ, "ಅವರ ಮನೇಲಿ ಯಾರಿದಾರೋ ಏನೋ" ಅಂದೆ. ಆಮೇಲೆ ಬಾಯೇ ಬಿಡ್ಲಿಲ್ಲ. ಆಫೀಸಿನವರು ರಜೆ ಕೊಟ್ರು, ಡಾಕ್ಟರ ಹತ್ರ ಮಾತಾಡಿಸಿದ್ರು, ನಿನ್ನ ಜೊತೆಗಿದ್ದ ಹಿರೇ ಡ್ರೈವರ್ರೂ ಫೋನ್ ಮಾಡಿ ನಿಂದೇನೂ ತಪ್ಪಿಲ್ಲಮ್ಮ ಅಂದ್ರು. ಎಲ್ಲಾ ಕೇಳಿಸ್ಕೊಂಡೆ, ಗೋಡೆ ಕಡೆ ತಿರುಗಿ ಮಲಗಿದೆ. ಪೇಪರಲ್ಲಿ ಮೂಲೇಲಿ ಬಂದಿತ್ತು, ಗಾಡಿಗೆ ಸಿಕ್ಕಿ ಸತ್ತವನು ಸಣ್ಣಸ್ವಾಮಿ, ಗಾರೆ ಕೆಲಸದವನು, ಸಿದ್ದನಕೊಪ್ಪಲು ಅಂತ. ಯಾರಿದಾರೆ ಅಂತ ನೋಡ್ಕೊಂಡಾದ್ರೂ ಬರೋಣ, ನಿನ್ನ ಒಂದು ಮಾತಿಗಾದ್ರೂ ಉತ್ತರ ತರೋಣ ಅಂತ ಹೊರಟೆ. ನಿಮ್ಮವ್ವನಿಗೂ ಪಾತ್ರೆ ಅಂತಲೇ ಹೇಳಿದ್ದು.

ಗಾಡೀಲಿ ಹಿಂದಿನ ಸೀಟಲ್ಲಿ ಒಬ್ಬರು ಹೇಳ್ತಿದ್ರು, ಈಗ ಗಾಡಿ ಟೈಮಿಗೆ ಸರಿಯಾಗಿ ಬರ್ತದೆ, ಆವತ್ತೊಂದಿನ ಮಾತ್ರ ಯಾರೋ ಅಡ್ಡ ಬಂದು ಲೇಟಾಯ್ತು ಅಂತ. ಯಾರೋ… ಆ ಯಾರೋನ ಮನೆಗೇ ನಾನು ಹೋಗ್ತಿದ್ದದ್ದು.

ಸಣ್ಣ ಸ್ಟೇಷನ್ನು. ಇಳಿದವನು ನಾನೊಬ್ಬನೇ. ಹಳೀನ ಆ ಕಡೆ ಊರು, ಈ ಕಡೆ ರಸ್ತೆ. ಜನ ಎಲ್ಲಾ ಹಳಿ ದಾಟ್ಕೊಂಡೇ ಓಡಾಡ್ತಾರೆ, ಹೆಂಗಸರು ಹುಲ್ಲಿನ ಹೊರೆ ಹೊತ್ಕೊಂಡು ದಾಟ್ತಾರೆ. ಅದನ್ನ ನೋಡಿ ಒಂಥರಾ ಧೈರ್ಯ ಬಂತು ನಂಗೆ. ದಾಟೋವಾಗ ಆಗಿರ್ತದೆ, ಇನ್ನೇನು ಅಂತ. ಮನೆ ಹುಡುಕಿದೆ. ಅರ್ಧ ಕಟ್ಟಿದ ಗೋಡೆ ಐತೆ ಮನೆ ಪಕ್ಕ. ಊರೋರಿಗೆಲ್ಲ ಮನೆ ಕಟ್ಟಿಕೊಟ್ಟು, ತನ್ನದು ಮಾತ್ರ ಅರ್ಧಕ್ಕೇ ನಿಲ್ಲಿಸಿದ್ದ.

ಹೆಂಡ್ತಿ ಇದಾಳೆ. ರಾಧಮ್ಮ ಅಂತ. ಹೈಸ್ಕೂಲಿಗೆ ಹೋಗೋ ಒಬ್ಬಳು ಮಗಳಿದಾಳೆ. ಅಷ್ಟೇ. ನೀನು ಕೇಳಿದ್ದೆಯಲ್ಲ ಯಾರಿದಾರೆ ಅಂತ… ಅವರಿಬ್ಬರು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ಕಡೆಗೆ ಹೇಳಿದೆ, ಆ ಗಾಡೀಲಿ ಮುಂದೆ ಕೂತಿದ್ದವಳ ಅಪ್ಪ ನಾನು ಅಂತ. ಬೈತಾಳೆ, ಮಣ್ಣು ತೂರ್ತಾಳೆ, ಏನು ಮಾಡಿದ್ರೂ ನಿಂತ್ಕೊಂಡಿರೋದು ಅಂತ ಗಟ್ಟಿ ಮಾಡ್ಕೊಂಡಿದ್ದೆ. ಆ ಹೆಣ್ಣುಮಗಳು ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟಳು. ಕೂತ್ಕಳಿ ಅಂದಳು. ಹೆಣ್ಣುಮಗಳು ಇಂಜಿನ್ನಲ್ಲಿದ್ಲು ಅಂತ ಗೊತ್ತೇ ಇರ್ಲಿಲ್ಲವಂತೆ ಅವಳಿಗೆ. ನಿನ್ನ ವಯಸ್ಸು ಕೇಳಿದಳು. ಹೇಳಿದೆ. ಊಟ ಮಾಡ್ತಾ ಇದಾರಾ ಅಂತ ಕೇಳಿದಳು.

ಅಳಬ್ಯಾಡ ಅನ್ನಲ್ಲ. ಅಳು. ನಾನೂ ಅಲ್ಲಿ ಅತ್ತೆ.

ಮಗಳು ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಿದ್ದಳು. ಸ್ಕೂಲು ಬಿಟ್ಟಿದಾಳಂತೆ. ಯಾರೋ ಅಂದ್ರಂತೆ, ನಿಮ್ಮಪ್ಪ ಬೇಕಂತಲೇ ಹೋಗಿ ನಿಂತ್ಕೊಂಡ, ನೀವು ಬ್ಯಾಡ ಅಂತ ಹೋದ ಅಂತ. ಆವತ್ತಿಂದ ಅವಳೂ ನಿನ್ನ ಥರಾನೇ… ಮಾತಿಲ್ಲ.

ಆಮೇಲೆ ರಾಧಮ್ಮ ಒಂದು ಮಾತು ಕೇಳಿದಳು. ಬಿಡು, ಅದೇನು ದೊಡ್ಡದಲ್ಲ. ನೀರು ಕುಡಿದೆ, ಕೈ ಮುಗಿದೆ, ಎದ್ದು ಬಂದೆ. ಹಾಸನದಲ್ಲಿ ಉಳ್ಕೊಂಡು ಬೆಳಿಗ್ಗೆ ಗಾಡಿ ಹತ್ತಿದೆ.

ಏನು ಕೇಳಿದಳು ಅಂತಾನಾ? ಅದೇ, ಯಾರಾದ್ರೂ ಕೇಳೋದೇ… ಊರಲ್ಲಿ ಯಾರೂ ಕಂಡವರಿಲ್ಲವಂತೆ. "ಜನ ಏನೇನೋ ಅಂತಾವ್ರೆ ಯಜಮಾನ್ರೇ, ನಿಮ್ಮ ಮಗಳೊಬ್ರು ಎದುರಿಗೆ ನೋಡಿರ್ತಾರಲ್ವಾ, ದಾಟ್ತಿದ್ರಾ, ನಿಂತಿದ್ರಾ?" ಅಂತ. ಅಷ್ಟೇ ಕೇಳಿದ್ದು.

ದಾಟ್ತಿದ್ದ ತಾನೇ ತಾಯಿ?

ಅಲ್ಲ, ನಾನು ಸುಮ್ಮನೆ ಕೇಳ್ದೆ. ದಾಟೋ ಜಾಗಾನೇ ಅದು. ನಾನೇ ಕಣ್ಣಾರೆ ನೋಡಿದೆನಲ್ಲ, ಊರಿಗೆ ಊರೇ ದಾಟ್ತದೆ. ಅವನಿಗೂ ಏನೋ ಅವಸರ ಇದ್ದಿರ್ತದೆ, ನೀವು ಹಾರ್ನ್ ಹಾಕಿದ್ದು ಕೇಳಿಸಿರಲ್ಲ. ಗಾರೆ ಕೆಲಸದವರಿಗೆ ಮಿಷಿನ್ ಸದ್ದಿಗೆ ಕಿವಿ ಮಂದ ಆಗಿರ್ತದೆ. ಹಂಗೇ ಅಲ್ವಾ?

ಗಂಗಾ…

ತಲೆ ಆದ್ರೂ ಆಡಿಸು.

ಕೈ ಯಾಕೆ ಬಿಟ್ಟೆ?

ನಾನು… ನೋಡವ್ವಾ, ನಾನು ಅವಳಿಗೆ ಏನೂ ಹೇಳದೆ ಎದ್ದು ಬರಬೇಕಿತ್ತು. ಆದ್ರೆ ಆ ಹುಡುಗಿ ಬಾಗಿಲ ಹಿಂದಿಂದ ಈಚೆ ಬಂದು ನಿಂತ್ಲು. ನನ್ನ ಬಾಯಿಯನ್ನೇ ನೋಡ್ತಾ ನಿಂತ್ಲು. ಹೇಳಿಬಿಟ್ಟೆ. ದಾಟ್ತಿದ್ರಂತಮ್ಮ ಅಂದೆ. ಅವಸರದಲ್ಲಿದ್ರಂತೆ, ಗಾಡಿ ಕಡೆ ತಿರುಗಿ ಕೂಡ ನೋಡ್ಲಿಲ್ಲವಂತೆ, ನನ್ನ ಮಗಳೇ ನನ್ನ ಹತ್ರ ಹೇಳಿದಳು ಅಂದೆ.

ನೀನು ಹೇಳಿರ್ಲಿಲ್ಲ. ನಿನ್ನ ಬಾಯಿಗೆ ನಾನೇ ಮಾತು ಹಾಕಿದೆ.

ರಾಧಮ್ಮ ಮಗಳನ್ನ ಹತ್ರ ಎಳ್ಕೊಂಡು, ಕೇಳಿದ್ಯಾ, ಕೇಳಿದ್ಯಾ ಅಂತ ಅಂದಿದ್ದೇ ಅಂದಳು. ಆ ಹುಡುಗಿ ಮಾತ್ರ ಪೂರ್ತಿ ನಂಬ್ಲಿಲ್ಲ. ನನ್ನ ಹತ್ರ ಬಂದು, "ಆ ಅಕ್ಕಾನೇ ಹೇಳಿದ್ರಾ? ನಾನು ಅವರನ್ನ ಕೇಳಬೌದಾ?" ಅಂದಳು. ಇಲ್ಲ ಅಂತ ಹೆಂಗೆ ಹೇಳ್ಲಿ. ನನ್ನ ಫೋನ್ ನಂಬರು ಕೊಟ್ಟು ಬಂದೀನಿ. ಅವರದ್ದೂ ತಗೊಂಡೀನಿ. ಅದನ್ನ ಹೇಳೋಕೇ ಇಲ್ಲಿಗೆ ಬಂದದ್ದು ನಾನು. ದಾಟ್ತಿದ್ರು ಅಂತ ಒಂದು ಮಾತು ಹೇಳು, ಮುಗೀತದೆ ಅಂತ ಕೇಳ್ಕೊಳ್ಳೋಕೆ ಬಂದೆ. ಬಸ್ಸಲ್ಲಿ ಬರ್ತಾ ಅಂದ್ಕೊಂಡೆ, ನೀನು ಹೌದು ಅಂತೀಯ, ಅದು ನಿಜಾನೇ ಆಗಿರ್ತದೆ, ನಾನು ಸುಳ್ಳು ಹೇಳಿದಂಗೇ ಆಗಲ್ಲ…

ಮುಖ ಯಾಕೆ ಮುಚ್ಕೊಂಡೆ?

ಅವನು ನಿಂತಿದ್ದ, ಅಲ್ವಾ. ತಲೆ ಆಡಿಸ್ತೀಯ…

ಗಾಡಿ ಕಡೆ ತಿರುಗಿ… ನಿನ್ನ ಕಡೆ ನೋಡ್ಕೊಂಡು ನಿಂತಿದ್ದ.

ಅಯ್ಯೋ ನನ್ನ ತಾಯಿ. ಇಷ್ಟು ದಿನ ಇದನ್ನ ಇಟ್ಕೊಂಡು ಮಲಗಿದ್ಯಾ ನೀನು. ನಿಂದೇನೂ ತಪ್ಪಿಲ್ಲ, ನಿಂದೇನೂ ತಪ್ಪಿಲ್ಲ ಅಂತ ನಾವೆಲ್ಲ ಹೇಳ್ತಾನೇ ಇದ್ವಿ. ತಪ್ಪಿನ ಮಾತೇ ಆಗಿರ್ಲಿಲ್ಲ ಅದು. ಅವನ ಮುಖ ನೋಡಿದವಳು ನೀನು. ಅದನ್ನ ಅವನ ಹೆಂಡ್ತಿ ಮಕ್ಕಳು ಎಲ್ಲಿ ಕೇಳ್ತಾರೋ ಅಂತ ಬಾಯಿ ಕಟ್ಕೊಂಡು ಕೂತಿದ್ದೆ. ನಾನು ಹೋಗಿ ಅವರನ್ನ ನಿನ್ನ ಬಾಗಿಲಿಗೇ ಕರ್ಕೊಂಡು ಬಂದೆ.

ಬೈದುಬಿಡು ನನ್ನ. ಏನಾದ್ರೂ ಅನ್ನು.

ಏನು, ಫೋನಾ? ಯಾಕೆ?

ಅವರ ನಂಬರಾ… ರಾಧಮ್ಮ ಅಂತಲೇ ಬರ್ಕೊಂಡೀನಿ ನೋಡು. ಈಗ್ಲೇ ಬ್ಯಾಡ ಗಂಗಾ. ಅನ್ನ ಉಂಡು, ಸ್ವಲ್ಪ ಸುಧಾರಿಸ್ಕೊಂಡು… ಅವರೇ ಮಾಡ್ತಾರೆ, ನಾನು ಏನಾದ್ರೂ ನೆಪ ಹೇಳ್ತೀನಿ.

ಸರಿ. ತಗೊ.

ಏನಂತ ಹೇಳ್ತೀಯ? ನಿಂತಿದ್ರು ಅಂತೀಯಾ? ಆ ಹುಡುಗಿ ಹೆಂಗೆ ತಡ್ಕೊಳ್ತದೆ. ದಾಟ್ತಿದ್ರು ಅಂದ್ರೆ ನೀನು ಹೆಂಗೆ ತಡ್ಕೊಳ್ತೀಯ… ನಂಗೆ ತಿಳೀತಿಲ್ಲ ತಾಯಿ. ಇಂಥದ್ದೇ ಹೇಳು ಅಂತ ನಾನು ಹೇಳಲ್ಲ. ಹೇಳೋ ಬಾಯಿ ನಂಗಿಲ್ಲ ಈಗ. ನೀನು ಏನಾದ್ರೂ ಹೇಳು, ಅವರ ಮುಂದೆ ನಾನು ಸುಳ್ಳುಗಾರ ಆಗೋದಾದ್ರೆ ಆಗ್ತೀನಿ, ಅದನ್ನ ಲೆಕ್ಕಕ್ಕೆ ಇಟ್ಕೋಬ್ಯಾಡ.

ರಿಂಗ್ ಆಗ್ತಾ ಐತೆ. ಕೇಳ್ತದೆ ನಂಗೆ.

ಎತ್ತಿದ್ರಾ? ಸಣ್ಣ ದನಿ… ಆ ಹುಡುಗೀದೇ ಅದು.

ಮಾತಾಡು ತಾಯಿ. ನಾನು ಕೇಳಿಸ್ಕೊಳ್ಳಲ್ಲ. ಬಾಗಿಲು ಮುಂದಕ್ಕೆ ಎಳ್ಕೊಂಡು ಜಗಲೀಲಿ ಕೂತಿರ್ತೀನಿ.