ಇಜಾಜನ ಮಷೀನಿನಲ್ಲಿ ಉಳಿದ ಫೋಲ್ಡರು

ಸಂಜೆ ವಡಾಲ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಂದೇ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡ ಯುವತಿ ಮತ್ತು ಯುವಕ. ಇಲ್ಲಿ ಯಾರಿಗೂ ತಿಳಿಯದೆಂದು ನಂಬಿ ವಿಜಾಪುರದ ಕನ್ನಡದಲ್ಲಿ ಮಾತಾಡುತ್ತಿದ್ದರು.

“ಇಜಾಜಭಾಯ್, ಹಳೇ ವರ್ಷನ್ ಪ್ಲಗಿನ್ ಫೋಲ್ಡರ್ ತಗದು ಹೊಸಾದು ಹಾಕು ಅಂತ ನನಗ ಅಂದವರು ಯಾರು?”

“ನಾನಽ. ಯಾಕ ಸೋನಾಲಿ?”

“ಹಾಕಿದ ಮ್ಯಾಲೆ ಎಲ್ಲಾರ ಮಷೀನಿನ್ಯಾಗ ಬಿಲ್ಡ್ ಫೇಲ್, ಪ್ರೋಗ್ರಾಮ್ ತಯಾರಽ ಆಗವಲ್ದು. ನಿನ್ನದ್ರಾಗ ಅಷ್ಟಽ ಪಾಸ್. ಹ್ಯಾಂಗ?”

“ನಸೀಬ ಅನ್ನು.”

“ಕಂಪ್ಯೂಟರಿಗೆ ನಸೀಬ ಇರ್ತದೇನು? ನಿನ್ನ ಹತ್ರ ಹಳೇ ಫೋಲ್ಡರ್ ಇನ್ನೂ ಐತಿ. ಬಿಲ್ಡ್ ಅದನ್ನಽ ಎತ್ಕೊಳ್ಳಾಕತ್ತೈತಿ.”

“ಅಳಸಾಕ ಮರತಿರಬೇಕು.”

“ಮೀಟಿಂಗ್‌ನ್ಯಾಗ ಸರ್ ‘ಸೋನಾಲಿ ಕೆಡಿಸ್ಯಾಳ, ಇಜಾಜ ಒಬ್ಬನಽ ಸರಿ ಅದಾನ’ ಅಂದಾಗ ನಿನ್ನ ಬಾಯಾಗ ಎಲಿ-ಅಡಿಕಿ ಇತ್ತೇನು?”

“ಅವರು ಹೊಗಳೂವಾಗ ನಡುವ ಬಾಯಿ ಹಾಕೂದು ಚಂದ ಕಾಣ್ತದೇನು?”

“ನಾಳೆ ನನ್ನ ನೌಕರಿ ಪಕ್ಕಾ ಮಾಡ್ತಾರೋ, ಮನೀಗೆ ಕಳಸ್ತಾರೋ. ಅದು ಚಂದ ಕಾಣ್ತದೇನು?”

“ಮುಂಜಾನೆ ನಾನಽ ಸರ್‌ಗೆ ಹೇಳ್ತೀನಿ. ಖರೇನ.”

“ನನಗಿಂತ ಮೊದಲ ಬಂದು ಫೋಲ್ಡರ್ ಅಳಸಿಬಿಟ್ರ?”

“ನಾ ಏನು ಕಳ್ಳನೇನು?”

“ಗೊತ್ತಿಲ್ಲ. ಅದಕ್ಕಽ ಈಗ ವಾಪಸ್ ಹೊಂಟೀನಿ. ಸರ್ ಇನ್ನೂ ಆಫೀಸಿನ್ಯಾಗ ಅದಾರ. ಅವರ ಮುಂದಽ ನಿನ್ನ ಮಷೀನ್ ಚಾಲೂ ಮಾಡಿ ಆ ಫೋಲ್ಡರ್ ತೋರಸ್ತೀನಿ.”

“ಪಾಸ್‌ವರ್ಡ್?”

“ರಂಜಾನ್ ಸೂಟಿಗೆ ಊರಿಗೆ ಹೋಗೂವಾಗ ನೀನಽ ಕೊಟ್ಟಿದ್ದಿ.”

“ಬದಲಿ ಮಾಡೀನಿ.”

“ಯಾವಾಗ?”

ಅಷ್ಟರಲ್ಲಿ ಲೋಕಲ್ ಬಂತು. ಅವಳು ಅದರತ್ತ ನೋಡದೆ ಸೇತುವೆಯ ಮೆಟ್ಟಿಲು ಹತ್ತತೊಡಗಿದಳು. ಬಾಗಿಲಲ್ಲಿ ಒಂದು ಕಾಲಿಟ್ಟಿದ್ದ ಇಜಾಜ ಕಾಲು ಹಿಂದೆಗೆದು, ಜನರನ್ನು ತಳ್ಳಿಕೊಂಡು ಅವಳ ಹಿಂದೆ ಓಡಿದ.